ಜೇಡದ ಮೇಲಿನ ಆರೋಪವೂ ಎರ್ರಿಸ್ವಾಮಿಯವರ ಮೂವತ್ನಾಲ್ಕು ವರ್ಷಗಳೂ

ಚಿತ್ರದುರ್ಗ ಜಿಲ್ಲೆಯ ಸಾರ್ವಜನಿಕ ಆರೋಗ್ಯ ಸೇವೆಯ ಇತಿಹಾಸವನ್ನು ಮುಂದೆಂದಾದರೂ ಯಾರಾದರೂ ಬರೆಯಲು ಕೂತರೆ, ಆಸ್ಪತ್ರೆ ಕಟ್ಟಿಸಿದವರ, ಶಸ್ತ್ರಚಿಕಿತ್ಸೆ ಮಾಡಿದವರ, ಶಿಬಿರ ನಡೆಸಿದವರ ಹೆಸರುಗಳೆಲ್ಲ ಸಲ್ಲಬೇಕಾದ ಗೌರವದೊಂದಿಗೆ ಬಂದೇ ಬರುತ್ತವೆ. ಆದರೆ ಒಂದು ಮೊಪೆಡ್, ಒಂದು ಬಾಲ್‌ಪೆನ್ನು, ಹೆಗಲಿಗೊಂದು ಬಟ್ಟೆಯ ಚೀಲ ಇಷ್ಟನ್ನೇ ಇಟ್ಟುಕೊಂಡು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಹಳ್ಳಿಗಳನ್ನು ಮೂವತ್ನಾಲ್ಕು ವರ್ಷ ಸುತ್ತಿದ ಶ್ರೀ ಟಿ. ಎರ್ರಿಸ್ವಾಮಿಯವರ ಹೆಸರು ಅಲ್ಲಿ ಕಾಣಿಸುತ್ತದೆಯೆಂದು ಧೈರ್ಯವಾಗಿ ಹೇಳಲಾಗದು. ಅವರು ಕುಷ್ಠರೋಗ ವಿಭಾಗದ ಕ್ಷೇತ್ರ ಕಾರ್ಯಕರ್ತರು. ಅವರು ಪತ್ತೆಹಚ್ಚಿ, ಮಾತ್ರೆ ನುಂಗಿಸಿ, ಗುಣವಾಗುವವರೆಗೂ ಬೆನ್ನುಬಿಡದೆ ನೋಡಿಕೊಂಡವರು ಆರುನೂರಕ್ಕೂ ಮಿಕ್ಕಿದ್ದಾರೆ. ಅವರ ಗೌರವಾರ್ಥ ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನ ಕೊಟ್ಟವರಲ್ಲಿ ಆ ಆರುನೂರರ ಪೈಕಿ ಒಬ್ಬರೂ ಇರಲಿಲ್ಲ.

ಇದು ಅಭಿನಂದನ ಸಮಿತಿಯ ಅಧ್ಯಕ್ಷರೂ ಎರ್ರಿಸ್ವಾಮಿಯವರ ಹಳೆಯ ಸಹೋದ್ಯೋಗಿಗಳೂ ಆದ ಶ್ರೀ ಮುರುಗಪ್ಪನವರಿಗೆ ದೊಡ್ಡ ತಲೆನೋವಾಯಿತು. ಅಧಿಕಾರಿಗಳು ಬರೆದರು, ಮೇಷ್ಟ್ರುಗಳು ಬರೆದರು, ಔಷಧಿ ಉಗ್ರಾಣದ ಗುಮಾಸ್ತರೂ ಎರಡು ಪುಟ ಬರೆದರು. ಗುಣವಾದವರ ಮನೆಗಳಿಗೆ ಮುರುಗಪ್ಪನವರು ಖುದ್ದಾಗಿ ಹೋದರೆ, ಒಳಗಿನಿಂದ ಕಾಫಿ ಬಂತು, ಉಪ್ಪಿಟ್ಟು ಬಂತು, ಲೇಖನ ಮಾತ್ರ ಬರಲಿಲ್ಲ. ಅದರ ಜೊತೆಗೆ ಸನ್ಮಾನಿತರೇ ಒಂದು ಷರತ್ತು ಹಾಕಿ ಕೂತರು. ಹಿರಿಯೂರಿನಲ್ಲಿ ವೇದಾವತಿ ಸೇತುವೆಯಿಂದ ಸ್ವಲ್ಪ ದೂರದ ತಮ್ಮ ಮಹಡಿ ಕೋಣೆಯಲ್ಲಿ, ಎರಡು ಕುರ್ಚಿಗಳ ಪೈಕಿ ಒಳ್ಳೆಯದನ್ನು ಮುರುಗಪ್ಪನವರಿಗೆ ಬಿಟ್ಟುಕೊಟ್ಟು, ಎರ್ರಿಸ್ವಾಮಿಯವರು ಹೇಳಿದರು:

"ನೋಡು ಮುರುಗಪ್ಪ, ಗುಣ ಆದೋರು ಬರೀಲಿಲ್ಲ ಅಂತ ಬೇಜಾರ್ ಮಾಡ್ಕಬೇಡ. ಅವ್ರಿಗೆ ಕಾಯಿಲೆ ಇತ್ತು ಅಂತ ಊರಿಗೆ ಗೊತ್ತಾಗ್ಲಿಲ್ಲ ಅಂದ್ರೆ ನನ್ ಕೆಲ್ಸ ಸರಿಯಾಗೈತೆ ಅಂತ ಅರ್ಥ. ಆದ್ರೆ ಯಲ್ಲದಕೆರೆ ಆ ತಾಯಿ ಕೈ ವಿಷ್ಯ ಬರೀದಂಗೆ ಪುಸ್ತಕ ಮಾಡೋದಾದ್ರೆ ನಂಗೆ ಶಾಲೂ ಬ್ಯಾಡ, ಹಾರಾನೂ ಬ್ಯಾಡ."

ಆ ಕೈಯ ವಿಷಯ ಬರೆಯಬೇಕಾದರೆ ಆ ಕೈ ಯಾರದೆಂದು ಹೇಳಬೇಕಾಗುತ್ತದೆ. ಹೇಳುವವರು ಯಾರು? ಮುರುಗಪ್ಪನವರು ಮೆಟ್ಟಿಲಿಳಿದು ಬಂದರು, ಮುದ್ರಣ ಮೂರು ತಿಂಗಳು ನಿಂತುಹೋಯಿತು. ಈ ಲೇಖನ ಆ ಮೂರು ತಿಂಗಳ ನಂತರದ್ದು.

ಎರ್ರಿಸ್ವಾಮಿಯವರು ೧೯೯೧ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಳಲ್ಕೆರೆ ತಾಲ್ಲೂಕಿನಲ್ಲಿ ಸೇವೆಗೆ ಸೇರಿದರು. ತರಬೇತಿಯಲ್ಲಿ ಅವರಿಗೆ ಕಲಿಸಿದ್ದು ಸರಳವಾದ ಪರೀಕ್ಷೆ. ಮೈಮೇಲೆ ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ ಕಂಡರೆ, ಅದು ತುರಿಸದೆ ಉರಿಯದೆ ಸುಮ್ಮನೆ ಇದ್ದರೆ, ರೋಗಿಗೆ ಕಣ್ಣು ಮುಚ್ಚಲು ಹೇಳಿ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟುವುದು. ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಿದರೆ ಚಿಂತೆಯಿಲ್ಲ. ತೋರಿಸದಿದ್ದರೆ ಮಾತ್ರೆ ಶುರುಮಾಡಬೇಕು. ತಾವು ಮುಟ್ಟಿದ್ದೇವೆ, ಎದುರಿಗಿರುವವರು ಇನ್ನೂ ಮುಟ್ಟುವುದನ್ನೇ ಕಾಯುತ್ತ ಕಣ್ಣು ಮುಚ್ಚಿ ಕೂತಿದ್ದಾರೆ, ಆ ಒಂದೆರಡು ಗಳಿಗೆಯ ಸುದ್ದಿ ಜಗತ್ತಿನಲ್ಲಿ ತಮ್ಮೊಬ್ಬರಿಗೇ ಗೊತ್ತು. ಅಷ್ಟು ಒಂಟಿತನ ತಮಗೆ ಬೇರೆ ಯಾವಾಗಲೂ ಆದದ್ದಿಲ್ಲವೆಂದು ಅವರು ಒಮ್ಮೆ ಹೇಳಿದ್ದುಂಟು.

ಆದರೆ ತರಬೇತಿಯಲ್ಲಿ ಅವರಿಗೆ ಜೇಡದ ವಿಷಯ ಯಾರೂ ಹೇಳಿರಲಿಲ್ಲ. ಹಳ್ಳಿಗೆ ಹೋಗಿ ನೋಡಿದರೆ ಚರ್ಮದ ಮೇಲೆ ಏನೆದ್ದರೂ ಅದು ಜೇಡದ ಕೆಲಸ. ಸೊಂಟ ಬಳಸಿ ಗುಳ್ಳೆಯೆದ್ದರೆ ಜೇಡ ಹರಿದೈತೆ. ಕತ್ತಿನ ಮೇಲೆ ಗೆರೆ ಎಳೆದ ಹಾಗೆ ಸುಟ್ಟುಕೊಂಡರೆ ಜೇಡ ಉಚ್ಚೆ ಹೊಯ್ದೈತೆ. ಮಕ್ಕಳ ಕೆನ್ನೆಯಲ್ಲಿ ಹುಳುಕಡ್ಡಿಯಾದರೆ ಜೇಡ ಮುಟ್ಟೈತೆ. ಮದ್ದುಗಳಿಗೂ ಬರವಿರಲಿಲ್ಲ. ಸುಣ್ಣಕ್ಕೆ ಅರಿಶಿನ ಕಲಸಿ ಹಚ್ಚುವವರು, ಎಕ್ಕದ ಹಾಲು ತೊಟ್ಟಿಕ್ಕುವವರು, ಕೆಮ್ಮಣ್ಣಿನಿಂದ ಸುತ್ತ ಗೆರೆ ಬರೆಯುವವರು, ಪೇಟೆಯ ನಾಗರಿಕತೆ ತಾಗಿದವರಾದರೆ ಹಲ್ಲುಜ್ಜುವ ಪೇಸ್ಟು ಬಳಿಯುವವರು. ಸುಮ್ಮನೆ ಬಿಟ್ಟಿದ್ದರೆ ವಾರದಲ್ಲಿ ಮಾಯುತ್ತಿದ್ದ ಗುಳ್ಳೆ, ಎಕ್ಕದ ಹಾಲು ಬಿದ್ದು ಹುಣ್ಣಾಗಿ, ಆ ಹುಣ್ಣಿನ ಅಪವಾದವೂ ಜೇಡದ ತಲೆಗೇ ಬರುತ್ತಿತ್ತು.

ಎರ್ರಿಸ್ವಾಮಿಯವರು ಜೇಡದ ವಕಾಲತ್ತು ವಹಿಸಿಕೊಂಡದ್ದು ಹೀಗೆ. ಶಾಲೆಗಳ ತಪಾಸಣೆಗೆ ಹೋದಾಗ ಒಂದು ಬಾಟಲಿಯಲ್ಲಿ ಮನೆಯ ಮೂಲೆಯ ಜೇಡವೊಂದನ್ನು ಹಿಡಿದೊಯ್ದು, ಅಂಗಿಯ ತೋಳು ಮಡಚಿ, ಅದನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ನಡೆಯಲು ಬಿಡುತ್ತಿದ್ದರು. ಮಕ್ಕಳು ಉಸಿರು ಬಿಗಿಹಿಡಿದು ನೋಡುವಾಗ, "ಈ ಬಡಪಾಯಿ ಸೊಳ್ಳೆ ನೊಣ ತಿಂದ್ಕಂಡು ಮೂಲೇಲಿ ಬದುಕ್ತೈತೆ. ನಿಮ್ಮೂರಾಗೆ ಇದ್ರ ಮೇಲೆ ಎಷ್ಟು ಕೇಸು ಅವೆ ನೋಡ್ರಿ, ಒಂದಕ್ಕೂ ಸಾಕ್ಷಿ ಇಲ್ಲ," ಎನ್ನುತ್ತಿದ್ದರು. ಮಳೆ ಬಿದ್ದ ಮೇಲೆ ಟ್ಯೂಬ್‌ಲೈಟಿಗೆ ಬರುವ, ಇರುವೆಯಂಥ ಕೆಂಪು ಕಪ್ಪು ಪಟ್ಟೆಯ ಸಣ್ಣ ಹುಳು ಮೈಮೇಲೆ ಕೂತಾಗ ಅದನ್ನು ಉಜ್ಜಿಬಿಟ್ಟರೆ ಚರ್ಮ ಸುಡುತ್ತದೆಂದೂ, ಉಜ್ಜದೆ ಊದಿ ಓಡಿಸಬೇಕೆಂದೂ, ಸೊಂಟದ ಗುಳ್ಳೆ ಸರ್ಪಸುತ್ತೆಂಬ ಬೇರೆಯೇ ಕಾಯಿಲೆಯೆಂದೂ ಹೇಳಿಕೊಡುತ್ತಿದ್ದರು. ಮಕ್ಕಳಿಗೆ ಜೇಡ ನೆನಪಿರುತ್ತಿತ್ತು. ಊರಿನಲ್ಲಿ ಅವರಿಗೆ 'ಜೇಡದ ಸಾರ್' ಎಂಬ ಹೆಸರೇ ನಿಂತಿತು.

ಹೆಸರೇನೋ ನಿಂತಿತು, ಜನ ಹತ್ತಿರ ನಿಲ್ಲಲಿಲ್ಲ. ಅವರ ಅಸಲು ಕೆಲಸವೇನೆಂದು ತಿಳಿದ ಮೇಲೆ ಹೊಳಲ್ಕೆರೆಯ ಮನೆ ಮಾಲೀಕರು ತಮ್ಮ ಅಳಿಯ ಬರುತ್ತಾನೆಂದು ಹೇಳಿ ಕೋಣೆ ಬಿಡಿಸಿದರು. ಆ ಅಳಿಯ ಬಂದದ್ದನ್ನು ಯಾರೂ ನೋಡಲಿಲ್ಲ. ಎರಡು ಸಲ ಹೆಣ್ಣು ನೋಡುವ ಶಾಸ್ತ್ರವಾಗಿ, ಎರಡೂ ಸಲ ಹೆಣ್ಣಿನ ಕಡೆಯವರು ವಿಚಾರಿಸಿಕೊಂಡು ಸುಮ್ಮನಾದರು. ಮೂರನೆಯ ಸಲಕ್ಕೆ ಅವರೇ ಹೋಗಲಿಲ್ಲ. ಹೊಸದುರ್ಗದಲ್ಲಿರುವ ತಂಗಿ ಯಶೋದಾ ಹಬ್ಬಕ್ಕೆ ಕರೆಯುತ್ತಾರೆ, ಅವರು ಹೋಗುತ್ತಾರೆ, ಊಟ ಮುಗಿಸಿ ಸಂಜೆಯ ಬಸ್ಸಿಗೆ ವಾಪಸಾಗುತ್ತಾರೆ. ಇಷ್ಟನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಕೇಳುವವರಿಗೇ ಸಂಕಟವಾಗುತ್ತಿತ್ತು.

ಕುಷ್ಠದ ವಿಭಾಗದ ಮೊಪೆಡ್ ಒಂದು ಮನೆಯ ಮುಂದೆ ನಿಂತರೆ ಆ ಮನೆಯ ಹುಡುಗಿಗೆ ಗಂಡು ಸಿಗುವುದಿಲ್ಲ. ಇದನ್ನು ಅವರು ಸೇವೆಯ ಎರಡನೆಯ ವರ್ಷದಲ್ಲೇ ಕಂಡುಕೊಂಡರು. ಅಂದಿನಿಂದ ಮೊಪೆಡ್ಡನ್ನು ಶಾಲೆಯ ಬಳಿಯೋ ಕೆರೆ ಏರಿಯ ಮೇಲೋ ನಿಲ್ಲಿಸಿ ನಡೆದು ಹೋಗುವುದೇ ಪದ್ಧತಿಯಾಯಿತು. ಯಾರ ಮನೆಯಲ್ಲೂ ಕೂರುತ್ತಿರಲಿಲ್ಲ, ನೀರು ಸಹ ಕುಡಿಯುತ್ತಿರಲಿಲ್ಲ; ಹೊತ್ತು ಹೆಚ್ಚಾದಷ್ಟೂ ಅಕ್ಕಪಕ್ಕದವರ ಕುತೂಹಲ ಹೆಚ್ಚುತ್ತದೆಂಬ ಲೆಕ್ಕ ಅವರದು. ಪೇಟೆಯಲ್ಲಿ ಕಂಡರೆ ತಮ್ಮನ್ನು ಮಾತನಾಡಿಸಬೇಡಿರೆಂದು ರೋಗಿಗಳಿಗೆ ಅವರೇ ಹೇಳಿಕೊಟ್ಟಿದ್ದರು. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಅವರು ನಿಂತಿದ್ದಾಗ, ಅವರಿಂದ ಗುಣವಾದವರು ಎಷ್ಟೋ ಜನ ತೆಂಗಿನಕಾಯಿ ಚೀಲ ಹೊತ್ತು ಎದುರಿಗೇ ಹಾದುಹೋಗಿ, ಮುಖ ಆಚೆ ತಿರುಗಿಸಿ ಬಸ್ಸು ಹತ್ತಿದ್ದಾರೆ. ಅವರು ಆ ಕೈಗಳನ್ನು ಮಾತ್ರ ನೋಡುತ್ತಿದ್ದರಂತೆ, ಐದೂ ಬೆರಳು ನೆಟ್ಟಗಿವೆಯೋ ಇಲ್ಲವೋ ಎಂದು.

ಹೊಸದುರ್ಗದಲ್ಲಿದ್ದಾಗಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಎರಡು ವರ್ಷ ಹಿಂದೆ ಮಾತ್ರೆ ಮುಗಿಸಿದ್ದ ಹುಡುಗಿಯೊಬ್ಬಳ ಮದುವೆ ಅಲ್ಲಿನ ಛತ್ರದಲ್ಲಿ ಗೊತ್ತಾಗಿತ್ತು. ಲಗ್ನಪತ್ರಿಕೆ ಬರಲಿಲ್ಲ, ಬರಬಾರದೆಂಬುದು ಅವರಿಗೂ ಗೊತ್ತಿತ್ತು. ಆದರೂ ಆ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಛತ್ರದ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು, ಓಲಗದವರು ಗಟ್ಟಿಮೇಳ ಬಾರಿಸುವವರೆಗೂ ಮೂರು ಚಹಾ ಕುಡಿದರು. ಗಟ್ಟಿಮೇಳ ಮುಗಿದ ಮೇಲೆ ಜೇಬಿನಲ್ಲಿ ತಂದಿದ್ದ ಒಂದು ಹಿಡಿ ಅಕ್ಷತೆಯನ್ನು ಏನು ಮಾಡಬೇಕೆಂದು ತಿಳಿಯದೆ, ಅಂಗಡಿಯ ಪಕ್ಕದ ಗುಬ್ಬಚ್ಚಿಗಳಿಗೆ ಹಾಕಿ ಕೆಲಸಕ್ಕೆ ಹೋದರು.

ಹಿರಿಯೂರಿಗೆ ಅವರು ಬಂದದ್ದು ೨೦೦೪ರಲ್ಲಿ. ಮರುವರ್ಷವೇ ದೇಶದ ಮಟ್ಟದಲ್ಲಿ ಕುಷ್ಠ ನಿವಾರಣೆಯ ಗುರಿ ಮುಟ್ಟಿತೆಂದು ಘೋಷಣೆಯಾಯಿತು. ಜೊತೆಯವರೆಲ್ಲ ಬೇರೆ ಬೇರೆ ಕಾರ್ಯಕ್ರಮಗಳಿಗೆ ಹಂಚಿಹೋದರು. ಮಾರಿಕಣಿವೆಯ ಹಿನ್ನೀರಿನ ಊರುಗಳಿಂದ ಹಿಡಿದು ಹೆದ್ದಾರಿಯ ಆಚೆಯ ಹಟ್ಟಿಗಳವರೆಗೆ ಇವರೊಬ್ಬರೇ ಉಳಿದರು. ಗುರಿ ಮುಟ್ಟಿದ ಸುದ್ದಿ ಮಚ್ಚೆಗಳಿಗೆ ತಲುಪಿರಲಿಲ್ಲ. ಅವು ಹಿಂದಿನಂತೆಯೇ ಏಳುತ್ತಿದ್ದವು, ಜನ ಅವನ್ನು ಹಿಂದಿನಂತೆಯೇ ಜೇಡ ಎನ್ನುತ್ತಿದ್ದರು.

ಈಗ ಆ ಕೈಯ ವಿಷಯ.

೨೦೧೦ರ ಶ್ರಾವಣದಲ್ಲಿ ಅವರು ಯಲ್ಲದಕೆರೆಯ ಒಂದು ಮನೆಗೆ ಹೋದರು. ಸೇವಂತಿಗೆಯ ಕಾಲ. ಪಡಸಾಲೆಯಲ್ಲಿ ಐದಾರು ಹೆಂಗಸರು ಸುತ್ತ ಕೂತು ಹೂ ಕಟ್ಟುತ್ತಿದ್ದರು. ಮನೆಯ ಸೊಸೆ ಶಿವಗಂಗಮ್ಮನ ಬಲ ಮುಂಗೈಯ ಮೇಲೆ ಅಂಗೈಯಗಲದ ಮಚ್ಚೆ, ಅದರ ಮೇಲೆ ಒಣಗಿದ ಸುಣ್ಣ. ಅತ್ತೆ ಓಬವ್ವ ಊರಿಗೆಲ್ಲ ಮದ್ದು ಹೇಳುವ, ಯಾರ ಮನೆಯಲ್ಲಿ ಬಾಣಂತನವಾದರೂ ಕರೆಯದೆ ಹೋಗಿ ನೀರು ಕಾಯಿಸುವ ದೊಡ್ಡ ಮನಸ್ಸಿನ ಹೆಂಗಸು. "ಬರ್ರಿ ಸಾರ್. ಜೇಡ ಹರಿದೈತೆ ಅಷ್ಟೆ, ಸುಣ್ಣ ಅರಿಶಿನ ಹಚ್ಚೀನಿ, ಉರಿ ನಿಂತೈತೆ," ಎಂದರು. ಉರಿ ನಿಂತದ್ದಲ್ಲ, ಇರಲೇ ಇಲ್ಲ. ಎರ್ರಿಸ್ವಾಮಿಯವರು ಕಣ್ಣು ಮುಚ್ಚಿಸಿ ಪೆನ್ನಿನಿಂದ ಮುಟ್ಟಿದರು. ಶಿವಗಂಗಮ್ಮ ಕಣ್ಣು ಮುಚ್ಚಿಕೊಂಡು, "ಯಾವಾಗ ಮುಟ್ತೀರಿ ಸಾರ್?" ಎಂದು ನಗುತ್ತ ಕೇಳಿದಳು.

ಹೂ ಕಟ್ಟುತ್ತಿದ್ದ ಕೈಗಳೆಲ್ಲ ನಿಂತಿದ್ದವು. ಓಬವ್ವ ಅವರ ಮುಖವನ್ನೇ ನೋಡುತ್ತ, "ಜೇಡನೇ ಅಲ್ವಾ ಸಾರ್?" ಎಂದರು. ಮನೆಯಲ್ಲಿ ಓದುವ ಮಗಳಿದ್ದಾಳೆ, ಎದುರಿಗೆ ಐದು ಬಾಯಿಗಳಿವೆ. ಹತ್ತೊಂಬತ್ತು ವರ್ಷ ಜೇಡದ ಪರವಾಗಿ ವಾದಿಸಿದ ಮನುಷ್ಯ ಆ ದಿನ ಕಕ್ಷಿದಾರನ ಕೈಬಿಟ್ಟರು. "ಹೂಂ, ಜೇಡದ್ದೇ. ಮಾತ್ರೆ ಐತೆ, ಆರು ತಿಂಗಳು ತಪ್ಪಿಸ್ದಂಗೆ ತಗಳ್ರಿ," ಎಂದರು. ಮೊದಲ ಮಾತ್ರೆಗಳನ್ನು ಎದುರಿಗೇ ನುಂಗಿಸಿದರು. ನಿಜವನ್ನು ಆಕೆಯೊಬ್ಬಳೇ ಸಿಕ್ಕಾಗ ಹೇಳುವುದೆಂದುಕೊಂಡರು. ಆದರೆ ಮುಂದಿನ ತಿಂಗಳು ಹೋದಾಗ ಆಕೆ ಹೊಲದಲ್ಲಿದ್ದಳು, ಅದರ ಮುಂದಿನ ತಿಂಗಳು ತವರಿಗೆ ಹೋಗಿದ್ದಳು. ಓಬವ್ವನೇ ಬಾಗಿಲಿಗೆ ಬಂದು ಮಾತ್ರೆಯ ಪಟ್ಟಿಯನ್ನು ಭಕ್ತಿಯಿಂದ ಸೆರಗಿನಲ್ಲಿ ಈಸಿಕೊಳ್ಳುತ್ತಿದ್ದರು. ಇನ್ನೂ ಇಪ್ಪತ್ತು ಊರು ಬಾಕಿಯಿದ್ದ ಎರ್ರಿಸ್ವಾಮಿಯವರು ಮಾತ್ರೆ ಹೋಗುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡರು. ಆರು ತಿಂಗಳಾದ ಮೇಲೆ ರಿಜಿಸ್ಟರಿನಲ್ಲಿ 'ಚಿಕಿತ್ಸೆ ಪೂರ್ಣ' ಎಂದು ಬರೆದರು.

ಮರುವರ್ಷ ಅದೇ ಊರಿನ ಪ್ರೌಢಶಾಲೆಯಲ್ಲಿ ತಪಾಸಣೆ. ಒಂಬತ್ತನೆಯ ತರಗತಿಯ ಅನುಷಾ ಎಂಬ ಹುಡುಗಿಯ ಮೊಣಕೈ ಮೇಲೆ ರೂಪಾಯಿಯಗಲದ ಮಚ್ಚೆ. ಅವಳು ಗಾಬರಿಯಾಗಲಿಲ್ಲ, ಬದಲಿಗೆ ಅವರಿಗೇ ಧೈರ್ಯ ಹೇಳಿದಳು: "ಜೇಡ ಸಾರ್ ಇದು. ನಮ್ಮಮ್ಮಂಗೂ ಆಗಿತ್ತು. ನೀವು ಮಾತ್ರೆ ಕೊಟ್ಟ ದಿನಾನೇ ಉಚ್ಚೇಲಿ ವಿಷ ಎಲ್ಲಾ ಕೆಂಪಗೆ ಇಳ್ದುಹೋಯ್ತು. ಒಂದೇ ದಿನಕ್ಕೆ."

ಕುಷ್ಠದ ಮಾತ್ರೆಗಳಲ್ಲಿ ಒಂದು ಮೂತ್ರವನ್ನು ಕೆಂಪಾಗಿಸುತ್ತದೆ. ಅದರಿಂದ ಅಪಾಯವೇನಿಲ್ಲ. ಇದನ್ನು ಎರ್ರಿಸ್ವಾಮಿಯವರು ಪ್ರತಿಯೊಬ್ಬ ರೋಗಿಗೂ ತಪ್ಪದೆ ಹೇಳುವವರು. ಆ ದಿನ ಪಡಸಾಲೆಯ ತುಂಬ ಜನರಿದ್ದುದರಿಂದ ಹೇಳಿರಲಿಲ್ಲ. ಜೇಡವೆಂದು ನಂಬಿದವರು ಕೆಂಪು ಕಂಡು ವಿಷ ಇಳಿಯಿತೆಂದರು. ವಿಷ ಇಳಿದ ಮೇಲೆ ಮಾತ್ರೆ ಯಾತಕ್ಕೆ? ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಅವರು ಕೊಟ್ಟ ಮೊದಲ ಮಾತಿನಲ್ಲಿ.

"ಈಗ ಅಮ್ಮನ ಕೈ ಹೆಂಗೈತೆ?" ಎಂದು ಅವರು ಕೇಳಿದರು.

"ಎರಡು ಬೆರಳು ಮಡಚ್ಕಂಡವೆ ಸಾರ್. ಬಾಯಾಗೆ ದಾರ ಹಿಡ್ಕಂಡು ಹೂ ಕಟ್ತಾಳೆ."

ಅವರು ಅಂದು ಮೊಪೆಡ್ಡನ್ನು ಶಾಲೆಯಲ್ಲೇ ಬಿಟ್ಟು, ಕೆರೆ ಏರಿಯ ಮೇಲೆ ಆ ಹುಡುಗಿಯ ಹಿಂದೆ ನಡೆದು ಹೋದರು. ಮನೆಯಲ್ಲಿ ಓಬವ್ವ ಅಟ್ಟದ ಮೇಲಿನ ಡಬ್ಬಿ ಇಳಿಸಿ ಮುಂದಿಟ್ಟರು. ಉಳಿದ ಮಾತ್ರೆಗಳೆಲ್ಲ ಧೂಳು ಕೂರದಂತೆ ಬಟ್ಟೆ ಸುತ್ತಿ ಅದರಲ್ಲಿದ್ದವು. "ಬಿಸಾಕಿಲ್ಲ ಸಾರ್. ಊರಾಗೆ ಇನ್ನಾರಿಗಾದ್ರೂ ಜೇಡ ಹರಿದ್ರೆ ಆಗ್ತವೆ ಅಂತ ಎತ್ತಿಟ್ಟೀನಿ," ಎಂದರು.

ಎರ್ರಿಸ್ವಾಮಿಯವರು ತಮ್ಮ ಸೇವೆಯಲ್ಲಿ ಮೊದಲ ಬಾರಿಗೆ ರೋಗಿಯ ಮನೆಯ ನೆಲದ ಮೇಲೆ ಕೂತರು. ಶಿವಗಂಗಮ್ಮನ ಕಿರುಬೆರಳು, ಉಂಗುರದ ಬೆರಳುಗಳನ್ನು ಬಿಡಿಸಲು ನೋಡಿದರು. ಅವು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅತ್ತೆ, ಸೊಸೆ, ಮೊಮ್ಮಗಳು ಮೂವರ ಎದುರಿಗೂ ಹೇಳಿದರು: "ತಾಯಿ, ಇದು ಜೇಡ ಅಲ್ಲ. ಅವತ್ತೂ ಅಲ್ಲ. ಇದು ಕುಷ್ಠ. ಗುಣ ಆಗೋ ಕಾಯಿಲೆ. ನಿಮ್ ಮಾನ ಉಳಿಸ್ತೀನಿ ಅಂತ ನಾನೇ ಸುಳ್ಳು ಹೇಳ್ದೆ."

ಓಬವ್ವ ಗೋಡೆಗೊರಗಿದರು. ಶಿವಗಂಗಮ್ಮ ಅಳಲಿಲ್ಲ, ಬೈಯಲಿಲ್ಲ. ತನ್ನ ಕೈಯನ್ನು ನೋಡಿಕೊಂಡು, "ಅವತ್ತೇ ಹೇಳಿದ್ರೆ ತಿಂತಿದ್ನಲ್ಲ ಸಾರ್," ಎಂದಳು.

ಆ ಮಾತು ಅವರನ್ನು ನಿವೃತ್ತಿಯವರೆಗೂ ಬಿಡಲಿಲ್ಲ. ಹಿಂದೆ ಆರುನೂರು ಕೈಗಳು ನೆಟ್ಟಗಿದ್ದರೂ ಅವರ ಕಣ್ಣಿಗೆ ಕಾಣುತ್ತಿದ್ದುದು ಈ ಒಂದೇ. ರಿಜಿಸ್ಟರಿನ 'ಚಿಕಿತ್ಸೆ ಪೂರ್ಣ'ವನ್ನು ತಾವೇ ಹೊಡೆದುಹಾಕಿ, ಕೆಳಗೆ 'ಕಾರ್ಯಕರ್ತನ ತಪ್ಪು' ಎಂದು ಬರೆದು ಸಹಿ ಮಾಡಿ, ಮೇಲಧಿಕಾರಿಗಳಿಂದ ಬೈಸಿಕೊಂಡರು. ಮುಂದಿನ ಹನ್ನೆರಡು ತಿಂಗಳು ತಾಯಿಗೂ, ಆರು ತಿಂಗಳು ಮಗಳಿಗೂ ತಾವೇ ಬಂದು ಎದುರಿಗೆ ನಿಂತು ಮಾತ್ರೆ ನುಂಗಿಸಿದರು. ಕೈಗೆ ಎಣ್ಣೆ ನೀವಿ ಬೆರಳು ಬಿಡಿಸುವ ವ್ಯಾಯಾಮ ಕಲಿಸಿದರು. ರೋಗ ಪೂರ್ತಿ ಹೋಯಿತು, ಎರಡು ಬೆರಳು ಮಾತ್ರ ಹಾಗೇ ಉಳಿದವು. ಉಳಿದ ಮೂರು ಬೆರಳಲ್ಲಿ ಹೂ ಕಟ್ಟುವುದನ್ನು ಆಕೆ ತಾನೇ ಕಲಿತಳು. ಈಗ ಒಂದು ಮಾರು ಹೂ ಕಟ್ಟುವುದು ಸ್ವಲ್ಪ ತಡವಾಗುತ್ತದೆ, ಗಂಟು ಮಾತ್ರ ಬಿಗಿ.

ಆ ಮೇಲೆ ಅವರು ಯಾರ ಮನೆಯಲ್ಲೂ ಜೇಡದ ಹೆಸರನ್ನು ಆಸರೆಗೆ ಬಳಸಲಿಲ್ಲ. ಹೊಸ ಪದ್ಧತಿ ಮಾಡಿಕೊಂಡರು. ಮಚ್ಚೆ ಒಬ್ಬರಿಗೇ ಇದ್ದರೂ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಎಲ್ಲರನ್ನೂ ಪೆನ್ನಿನಿಂದ ಮುಟ್ಟುತ್ತಿದ್ದರು. ಆಮೇಲೆ ಬೇಕಾದವರನ್ನು ಮಾತ್ರ ಬದುವಿನ ಮೇಲೋ ಹಿತ್ತಿಲಲ್ಲೋ ಕಂಡು, ಕಾಯಿಲೆಯ ಹೆಸರು, ಮಾತ್ರೆಯ ಗುಣ, ಕೆಂಪು ಮೂತ್ರದ ಕಾರಣ ಮೂರನ್ನೂ ಹೇಳಿ ಬರುತ್ತಿದ್ದರು. ಈ ಪದ್ಧತಿಯಿಂದ ಅವರ ದಿನದ ಕೆಲಸ ಇಮ್ಮಡಿಯಾಯಿತು. ಸಹಾಯಕ್ಕೆ ಯಾರೂ ಬರಲಿಲ್ಲ.

ಕಳೆದ ವರ್ಷ ಅವರು ನಿವೃತ್ತರಾದ ದಿನ ಕಚೇರಿಯಲ್ಲಿ ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಅವರು ಗಡಿಯಾರವನ್ನು ಮೊಪೆಡ್ಡಿನ ಮುಂದೆ ಕಟ್ಟಿಕೊಂಡು, ಖಾನಾವಳಿಯಲ್ಲಿ ಊಟ ಮಾಡಿ, ಕೋಣೆಗೆ ಹೋದರು. ಈಗಲೂ ಬೆಳಿಗ್ಗೆ ಎದ್ದು ಅಂಗಿ ತೊಟ್ಟು ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲಿಗೂ ಹೋಗುವುದಿರುವುದಿಲ್ಲ.

ಮುರುಗಪ್ಪನವರು ಮೂರು ತಿಂಗಳು ಹುಡುಕಿದ ಲೇಖಕಿ ಕೊನೆಗೆ ಸಿಕ್ಕಿದ್ದಾಳೆ. ಒಂಬತ್ತನೆಯ ತರಗತಿಯಲ್ಲಿ ಸಾರ್‌ಗೆ ಧೈರ್ಯ ಹೇಳಿದ ಆ ಅನುಷಾ ನಾನೇ. ಈಗ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮದುವೆಯ ಮಾತುಕತೆ ನಡೆಯುತ್ತಿದೆ. ಗಂಡಿನ ಕಡೆಯವರೂ ಈ ಪುಸ್ತಕ ಓದಲಿ. ಹೆಸರು ಮರೆಮಾಚಿ ಕೊಟ್ಟರೂ ಸಾಕೆಂದು ಮುರುಗಪ್ಪನವರು ಹೇಳಿದ್ದರು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿ, ನಿನ್ನ ಹೆಸರು ಬದಲಿಸಲೇ ಎಂದು ಕೇಳಿದೆ. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು, ಆಕೆಯನ್ನು ಕೇಳುವಂತಿರಲಿಲ್ಲ. ಅಮ್ಮ ಕಟ್ಟುತ್ತಿದ್ದ ಹೂವಿನಿಂದ ತಲೆಯೆತ್ತಲಿಲ್ಲ.

"ಯಾಕೆ ಬದ್ಲಿಸ್ತೀಯ? ಅಜ್ಜಿ ಹೆಸ್ರೂ ಇರ್ಲಿ. ಆ ವಯ್ಯ ಇಷ್ಟು ವರ್ಷ ಬಂದು ನಮ್ಮನೇಲಿ ಒಂದು ಲೋಟ ನೀರು ಕುಡೀಲಿಲ್ಲ. ಗಾಡಿ ಇಸ್ಕೂಲ್ ತಾವ ನಿಲ್ಸಿ ಬಿಸ್ಲಾಗೆ ನಡ್ಕಂಬರಾನು. ಇನ್ನ ಯಾತರ ಗುಟ್ಟು? ಊಟಕ್ಕೆ ಬರ್ಲಿ, ಗಾಡಿ ನಮ್ ಬಾಗ್ಲಾಗೇ ನಿಲ್ಲಿಸ್ಲಿ ಅಂತ ಬರಿ."

ಬರೆದಿದ್ದೇನೆ. ಸಾರ್, ನಿಮ್ಮ ಕಾಲುಗಳಿಗೆ ಇನ್ನೂ ಬಹಳ ವರ್ಷ ಏರಿ ಹತ್ತುವ ಶಕ್ತಿ ಇರಲಿ, ಜೇಡದ ಪರವಾದ ನಿಮ್ಮ ವಾದ ನಮ್ಮ ಶಾಲೆಯ ಮಕ್ಕಳಿಗೂ ಕೇಳಿಸಲಿ. ಬಾಟಲಿ ನಾನು ತರುತ್ತೇನೆ. ಊಟಕ್ಕೆ ಬರುವಾಗ ಗಾಡಿಯನ್ನು ಊರ ಶಾಲೆಯ ಬಳಿ ನಿಲ್ಲಿಸಬೇಡಿ, ನೇರವಾಗಿ ಮನೆಗೆ ಬನ್ನಿ. ಕೆಳಗೆ ವಿಳಾಸವಿದೆ. ಈ ಪುಸ್ತಕ ಓದಿದ ಯಾರು ಬೇಕಾದರೂ ಇದನ್ನು ಗುರುತು ಹಾಕಿಕೊಳ್ಳಬಹುದು.

ಎಸ್. ಅನುಷಾ,
ಶಿವಗಂಗಮ್ಮನವರ ಮಗಳು, ಓಬವ್ವನವರ ಮೊಮ್ಮಗಳು,
ಕೆರೆ ಏರಿ ಇಳಿದ ಕೂಡಲೇ ಎಡಕ್ಕೆ ಮೂರನೆಯ ಮನೆ, ಯಲ್ಲದಕೆರೆ, ಹಿರಿಯೂರು ತಾಲ್ಲೂಕು.